ಹೊಳೆಯೊಳಗಿನ ಜನರೇಟರನ್ನು ಕಾಟಾಕ್ಕೆ ಹಾಕಿ ತೂಗಿದ್ದು

ನಮ್ಮ ಸಂಘದ ಸದಸ್ಯರಲ್ಲಿ ಹೊಳೆಯಂಚಿನ ತೋಟದವರು ಬಹಳ ಮಂದಿ ಇದ್ದಾರೆ. ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಮರ ಬಿತ್ತೆಂದರೆ ನಾಲ್ಕು ದಿನ ಕತ್ತಲೆ. ಕಣ್ಣೆದುರಿನಲ್ಲೇ ಹಗಲೂ ರಾತ್ರಿ ಹೊಳೆ ಭೋರೆಂದು ಹರಿಯುತ್ತಿರುತ್ತದೆ. ಇಷ್ಟು ನೀರು ಸುಮ್ಮನೆ ಹೋಗುತ್ತದಲ್ಲ ಎಂದು ಒಮ್ಮೆಯಾದರೂ ಅನ್ನಿಸದ ಬೆಳೆಗಾರ ಇರಲಾರ. ಹೀಗಿರುವಾಗ, ಕಟ್ಟ ಬೇಡ, ಕಾಲುವೆ ಬೇಡ, ಪೈಪೂ ಬೇಡ, ಯಂತ್ರವನ್ನು ಹೊಳೆಯೊಳಗೆ ಮುಳುಗಿಸಿ ಬಿಟ್ಟರೆ ಸಾಕು, ಕರೆಂಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿ ನಿಮಿರುವುದು ಸಹಜವೇ.

ನಮ್ಮ ಆಚೆದಡದ ಭಟ್ಟರಿಗೆ ಆದದ್ದೂ ಇದೇ. ಒಂದು ಮೀಟರ್ ಅಗಲದ ರೆಕ್ಕೆ, ಅದರ ಹಿಂದೆ ಗೇರು ಮತ್ತು ಜನರೇಟರ್ ಎರಡನ್ನೂ ಒಳಗಿಟ್ಟು ಮುಚ್ಚಿದ ಕಬ್ಬಿಣದ ಗೂಡು, ಅದರ ಮೇಲೆ ‘1000 ವ್ಯಾಟ್’ ಎಂಬ ತಗಡು. ಅರ್ಧ ಹಣ ಮೊದಲು, ಉಳಿದರ್ಧ ಒಂದು ವರ್ಷ ನೋಡಿದ ಮೇಲೆ ಎಂದು ಮಾತಾಗಿತ್ತು. ಮಳೆಗಾಲದಲ್ಲಿ ಯಂತ್ರ ಚೆನ್ನಾಗಿಯೇ ನಡೆಯಿತು. ಡಿಸೆಂಬರ್ ದಾಟಿದ ಮೇಲೆ ರೆಕ್ಕೆ ತಿರುಗುತ್ತದೆ, ಬ್ಯಾಟರಿಗೆ ಮಾತ್ರ ಒಂದು ಹನಿ ಕರೆಂಟಿಲ್ಲ. ಮಾರಿದವರು ‘ನಿಮ್ಮ ಹೊಳೆಯಲ್ಲಿ ಸೆಳವಿಲ್ಲ’ ಎಂದರು. ಭಟ್ಟರು ‘ನಿಮ್ಮ ಜನರೇಟರ್ ಸರಿಯಿಲ್ಲ’ ಎಂದರು. ಉಳಿದ ಹಣ ಭಟ್ಟರ ಪೆಟ್ಟಿಗೆಯಲ್ಲೇ ಉಳಿಯಿತು. ಇಷ್ಟರಲ್ಲಿ ನಮ್ಮ ಸದಸ್ಯರಲ್ಲೇ ಐದು ಮಂದಿ ಅದೇ ಯಂತ್ರಕ್ಕೆ ಮುಂಗಡ ಕೊಡಲು ಸಿದ್ಧರಾಗಿದ್ದರು.

ಮಾಸಿಕ ಸಭೆಯಲ್ಲಿ ವಿಷಯ ಬಂತು. ನಾನು ತೋಟಕ್ಕೆ ಬರುವ ಮುಂಚೆ ಕೆಲವು ವರ್ಷ ಮೋಟಾರು ಸುತ್ತುವ ವರ್ಕ್‌ಶಾಪಿನಲ್ಲಿ ಇದ್ದವನು ಎಂಬುದು ಎಲ್ಲರಿಗೂ ಗೊತ್ತು. “ಗೌಡ್ರೇ, ನೀವೇ ನೋಡಿ ಒಂದು ಮಾತು ಹೇಳಿಬಿಡಿ. ಹೊಳೆಯದು ತಪ್ಪಾದರೆ ನಾನು ನಾಳೆಯೇ ಹಣ ಕೊಡ್ತೇನೆ” ಎಂದರು ಭಟ್ಟರು. ಹೊಳೆಯನ್ನು ಸಾಕ್ಷಿಗೆ ಕರೆಯುವಂತಿಲ್ಲ. ಜನರೇಟರನ್ನು ಹೊಳೆಯಿಂದ ಬಿಡಿಸಿ, ಒಣ ನೆಲದಲ್ಲಿ ಅದನ್ನೊಂದನ್ನೇ ಪರೀಕ್ಷಿಸುವುದು ಎಂದು ತೀರ್ಮಾನವಾಯಿತು. ಆ ಪರೀಕ್ಷೆಯ ವಿವರವೇ ಈ ಲೇಖನ. ಹೊಳೆ ಯಂತ್ರ ಕೊಳ್ಳುವ ಆಲೋಚನೆಯಲ್ಲಿರುವವರು ದಯವಿಟ್ಟು ಲೆಕ್ಕಗಳನ್ನು ಹಾರಿಸದೆ ಓದಬೇಕು. ನಮ್ಮ ಅಡಿಕೆ ಲೆಕ್ಕಕ್ಕಿಂತ ಕಷ್ಟದ್ದೇನಲ್ಲ.

ಮೊದಲು ಹೊಳೆಯ ಲೆಕ್ಕ

ಹರಿಯುವ ನೀರಿನಲ್ಲಿ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಸರಳ ಸೂತ್ರವಿದೆ. ರೆಕ್ಕೆ ಸುತ್ತುವ ವೃತ್ತದ ವಿಸ್ತೀರ್ಣ ಎಷ್ಟು ಚದರ ಮೀಟರೋ ಅದನ್ನು 500ರಿಂದ ಗುಣಿಸಿ, ನೀರಿನ ವೇಗವನ್ನು (ಸೆಕೆಂಡಿಗೆ ಎಷ್ಟು ಮೀಟರ್) ಮೂರು ಸಲ ಗುಣಿಸಿ. ಬಂದದ್ದು ವ್ಯಾಟ್. ಇಲ್ಲಿ ಗುಟ್ಟಿರುವುದು ಆ ‘ಮೂರು ಸಲ’ ಎಂಬುದರಲ್ಲಿ. ವೇಗ ಅರ್ಧಕ್ಕಿಳಿದರೆ ಶಕ್ತಿ ಅರ್ಧವಾಗುವುದಿಲ್ಲ, ಎಂಟನೇ ಒಂದು ಪಾಲಾಗುತ್ತದೆ.

ಭಟ್ಟರ ಹೊಳೆಯ ವೇಗವನ್ನು ನಾವು ಜನವರಿಯಲ್ಲಿ ಅಳೆದೆವು. ದಡದಲ್ಲಿ 20 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು, ಮೇಲಿನಿಂದ ಒಂದು ತೆಂಗಿನಕಾಯಿ ಬಿಟ್ಟೆವು. ಕಾಯಿ ನೀರಿನಲ್ಲಿ ಮುಕ್ಕಾಲು ಮುಳುಗಿ ಹೋಗುವುದರಿಂದ ಗಾಳಿ ಅದನ್ನು ಎಳೆಯುವುದಿಲ್ಲ. ಹತ್ತು ಸಲ ಬಿಟ್ಟು ಸರಾಸರಿ ತೆಗೆದರೆ 16 ಸೆಕೆಂಡು ಬಂತು. ಅಂದರೆ ಮೇಲ್ಮೈಯಲ್ಲಿ ಸೆಕೆಂಡಿಗೆ 1.25 ಮೀಟರ್. ಒಳಗಿನ ನೀರು ಮೇಲಿನದಕ್ಕಿಂತ ನಿಧಾನ, ಅದಕ್ಕಾಗಿ 0.85ರಿಂದ ಗುಣಿಸುವುದು ರೂಢಿ. 1.06 ಮೀಟರ್ ಎಂದು ಹಿಡಿಯೋಣ. ಒಂದು ಮೀಟರ್ ಅಗಲದ ರೆಕ್ಕೆಯ ವೃತ್ತ 0.785 ಚದರ ಮೀಟರ್. ಲೆಕ್ಕ ಹಾಕಿದರೆ ಆ ವೃತ್ತದ ಮೂಲಕ ಹಾದುಹೋಗುವ ನೀರಿನಲ್ಲಿರುವ ಶಕ್ತಿ ಸುಮಾರು 470 ವ್ಯಾಟ್.

ಇದಿಷ್ಟನ್ನೂ ರೆಕ್ಕೆ ಹಿಡಿಯಲಾರದು. ಹಿಡಿದರೆ ನೀರು ಅಲ್ಲೇ ನಿಂತು ಹಿಂದಿನ ನೀರಿಗೆ ದಾರಿಯೇ ಇರುವುದಿಲ್ಲ. ಬಯಲಿನಲ್ಲಿ ತಿರುಗುವ ಯಾವ ರೆಕ್ಕೆಯೂ ನೂರಕ್ಕೆ 59.3ಕ್ಕಿಂತ ಹೆಚ್ಚು ಪಡೆಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ 1920ರಲ್ಲಿ ಪ್ರಕಟಿಸಿದ ಲೆಕ್ಕ ಗಾಳಿಗಿರಣಿಗಳಿಗೆ ಹೇಗೋ ಹೊಳೆಯ ರೆಕ್ಕೆಗೂ ಹಾಗೆಯೇ ಅನ್ವಯಿಸುತ್ತದೆ. ಇದು ಮೇಲಿನ ಮಿತಿ. ನಮ್ಮ ಕೈಗೆ ಸಿಗುವ ಸಣ್ಣ ರೆಕ್ಕೆಗಳು ನೂರಕ್ಕೆ 30ರಿಂದ 35 ಕೊಟ್ಟರೆ ಒಳ್ಳೆಯ ರೆಕ್ಕೆಗಳೇ. 470ರಲ್ಲಿ ಮೂರನೇ ಒಂದು ಪಾಲು ಎಂದರೆ ಸುಮಾರು 155 ವ್ಯಾಟ್. ಜನವರಿಯಲ್ಲಿ ಭಟ್ಟರ ಯಂತ್ರದ ಶಾಫ್ಟಿಗೆ ಬರುವ ಬಂಡವಾಳ ಇಷ್ಟೇ. ಇನ್ನು ಜನರೇಟರ್ ಅದರಲ್ಲಿ ಎಷ್ಟು ನುಂಗುತ್ತದೆ ಎಂಬುದು ಪ್ರಶ್ನೆ.

ಮಳೆಗಾಲದಲ್ಲಿ ವೇಗ 2 ಮೀಟರ್ ಆದಾಗ ಅದೇ ವೃತ್ತದಲ್ಲಿ 3140 ವ್ಯಾಟ್ ಹರಿಯುತ್ತದೆ, ಶಾಫ್ಟಿಗೆ ಸಾವಿರಕ್ಕೂ ಸ್ವಲ್ಪ ಹೆಚ್ಚು ಬರುತ್ತದೆ. ತಗಡಿನ ಮೇಲಿನ 1000 ಎಲ್ಲಿಂದ ಬಂತೆಂಬುದು ಇಲ್ಲಿ ತಿಳಿಯುತ್ತದೆ.

ಜನರೇಟರಿಗೂ ಔಟ್‌ಟರ್ನ್ ಉಂಟು

ಕಾಫಿಯವರಿಗೆ ಔಟ್‌ಟರ್ನ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕ್ಯೂರಿಂಗಿಗೆ ಕೊಟ್ಟ ಚೀಲ ಎಷ್ಟು, ವಾಪಸು ಬಂದ ಕ್ಲೀನ್ ಕಾಫಿ ಎಷ್ಟು ಎಂಬ ಲೆಕ್ಕ. ಜನರೇಟರಿನ ದಕ್ಷತೆ ಎಂಬುದೂ ಅದೇ. ಶಾಫ್ಟಿನ ಮೂಲಕ ಒಳಗೆ ಹೋದ ವ್ಯಾಟ್ ಎಷ್ಟು, ತಂತಿಯಲ್ಲಿ ಹೊರಗೆ ಬಂದ ವ್ಯಾಟ್ ಎಷ್ಟು. ಹೊರಗೆ ಬಂದದ್ದನ್ನು ಅಳೆಯುವುದು ಸುಲಭ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರಾಯಿತು. ಕಷ್ಟವಿರುವುದು ಒಳಗೆ ಹೋದದ್ದನ್ನು ಅಳೆಯುವುದರಲ್ಲಿ.

ಫ್ರಾನ್ಸಿನ ಎಂಜಿನಿಯರ್ ಪ್ರೋನಿ 1821ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದ: ತಿರುಗುವ ಬಲವನ್ನು ಒಂದು ಕೋಲಿನ ತುದಿಗೆ ತಂದು ತೂಕದಿಂದ ಅಳೆಯುವುದು. ಅವನು ಅಳೆದದ್ದು ಎಂಜಿನಿನಿಂದ ಹೊರಬರುವ ಬಲ. ನಮಗೆ ಬೇಕಾದದ್ದು ಜನರೇಟರಿನ ಒಳಗೆ ಹೋಗುವ ಬಲ. ಉಪಾಯ ಮಾತ್ರ ಒಂದೇ. ಜನರೇಟರಿನ ಗೂಡನ್ನು ನೆಲಕ್ಕೆ ಬಿಗಿಯದೆ ತೊಟ್ಟಿಲಿನಂತೆ ಸಡಿಲ ಬಿಡಬೇಕು. ಶಾಫ್ಟನ್ನು ತಿರುಗಿಸಿದಾಗ ಗೂಡೂ ಅದರ ಜೊತೆ ಸುತ್ತಲು ಹೊರಡುತ್ತದೆ. ಅದನ್ನು ಸುತ್ತಲು ಬಿಡದೆ ಒಂದು ಕೋಲು ಕಟ್ಟಿ, ಕೋಲಿನ ತುದಿ ಕಾಟಾದ ಮೇಲೆ ಒರಗುವಂತೆ ಮಾಡಬೇಕು. ಕಾಟಾ ತೋರಿಸುವ ತೂಕವೇ ಶಾಫ್ಟಿಗೆ ಕೊಡುತ್ತಿರುವ ಬಲ.

ಕೋಲಿನ ಉದ್ದದ ಬಗ್ಗೆ ಒಂದು ಮಾತು. ಶಾಫ್ಟಿನ ನಡುವಿನಿಂದ ಕಾಟಾಕ್ಕೆ ತಾಗುವ ಬಿಂದುವಿಗೆ ಸರಿಯಾಗಿ 97.3 ಸೆಂಟಿಮೀಟರ್ ಇಟ್ಟರೆ ಲೆಕ್ಕವೇ ಬೇಡ. ಕಾಟಾದಲ್ಲಿ ಕಂಡ ಕಿಲೋವನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂಬುದರಿಂದ ಗುಣಿಸಿದರೆ ನೇರವಾಗಿ ವ್ಯಾಟ್ ಬರುತ್ತದೆ. ನಂಬಿಕೆ ಇಲ್ಲದವರು ಹೈಸ್ಕೂಲಿಗೆ ಹೋಗುವ ಮಗನಿಂದ ಲೆಕ್ಕ ಮಾಡಿಸಿ ನೋಡಬಹುದು.

ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ಸಂಘದ ಗೋದಾಮಿನ ಮೂಲೆಯಲ್ಲಿ ಎರಡು ಕಬ್ಬಿಣದ ಚಾನೆಲ್ ಬಿಗಿದು, ಒಂದು ತುದಿಗೆ 3 ಅಶ್ವಶಕ್ತಿಯ ಮೋಟಾರು, ಅದಕ್ಕೆ ಹತ್ತಕ್ಕೊಂದು ಇಳಿಸುವ ಗೇರ್‌ಬಾಕ್ಸ್, ವೇಗ ಏರಿಸಿ ಇಳಿಸಲು ಒಬ್ಬ ಸದಸ್ಯರ ಪಂಪಿನಿಂದ ಎರವಲು ತಂದ ವಿ.ಎಫ್.ಡಿ. ಪೆಟ್ಟಿಗೆ. ಮೋಟಾರು ಎಷ್ಟು ಕರೆಂಟು ತಿನ್ನುತ್ತದೆ, ಗೇರ್‌ಬಾಕ್ಸ್ ಎಷ್ಟು ಕಳೆಯುತ್ತದೆ ಎಂಬುದು ನಮಗೆ ಬೇಡ. ನಾವು ತೂಗುವುದು ಗೂಡನ್ನು ಮಾತ್ರ. ಭಟ್ಟರ ಯಂತ್ರದ ರೆಕ್ಕೆ ಕಳಚಿ, ಅದರ ಶಾಫ್ಟನ್ನು ರಬ್ಬರ್ ಕಪ್ಲಿಂಗಿನಿಂದ ಗೇರ್‌ಬಾಕ್ಸಿಗೆ ಸೇರಿಸಿದೆವು. ಗೂಡಿನ ಹಿಂದಿನ ಮುಚ್ಚಳದ ನಟ್ಟನಡುವೆ ತುಂಡು ಶಾಫ್ಟೊಂದನ್ನು ಬೋಲ್ಟು ಮಾಡಿ ಬೇರಿಂಗಿನ ಮೇಲೆ ಕೂರಿಸಿದೆವು. ಸೀಲು, ಒಳಗಿನ ಗೇರು, ಜನರೇಟರ್ ಮೂರೂ ಒಂದೇ ಗೂಡಿನಲ್ಲಿರುವುದರಿಂದ ಮೂರರ ನಷ್ಟವೂ ಒಟ್ಟಿಗೇ ತೂಕಕ್ಕೆ ಬಂತು. ಹಾಗೆ ಬರಬೇಕು ಕೂಡ. ಹೊಳೆಯೊಳಗೆ ಅವು ಮೂರೂ ಒಟ್ಟಿಗೇ ಇರುತ್ತವೆ.

ಲೋಡಿಗೆ ನಾವು ಬಲ್ಬು ಬಳಸಲಿಲ್ಲ. ತಂತಿಯ ಬಲ್ಬು ತಣ್ಣಗಿರುವಾಗ ಒಂದು ಲೆಕ್ಕ, ಕಾದ ಮೇಲೆ ಇನ್ನೊಂದು. ಬಕೆಟಿನಲ್ಲಿ ನೀರು ಕಾಯಿಸುವ 1000 ವ್ಯಾಟಿನ ರಾಡುಗಳೇ ಇದಕ್ಕೆ ವಾಸಿ. ಒಂದು, ಎರಡು, ಐದು ಹೀಗೆ ಹೆಚ್ಚಿಸುತ್ತ ಹೋಗಬಹುದು. ರಾಡು ನೀರಿನಲ್ಲಿ ಮುಳುಗಿರಬೇಕೆಂಬುದನ್ನು ಮಾತ್ರ ಮರೆಯಬಾರದು. ವೋಲ್ಟು ಮತ್ತು ಆಂಪಿಯರನ್ನು ರೆಕ್ಟಿಫಯರ್ ದಾಟಿದ ಮೇಲೆ, ಡಿ.ಸಿ. ಕಡೆಯಲ್ಲೇ ಓದಬೇಕು. ಅದಕ್ಕಿಂತ ಮುಂಚೆ ಓದಿದರೆ ಅಗ್ಗದ ಮೀಟರುಗಳು ದಾರಿ ತಪ್ಪಿಸುತ್ತವೆ. ಸುತ್ತು ಎಣಿಸಲು ಬೆಳಕಿನ ಟ್ಯಾಕೋಮೀಟರ್ ಈಗ ಎಲ್ಲ ಕಡೆ ಸಿಗುತ್ತದೆ, ಶಾಫ್ಟಿಗೊಂದು ಹೊಳೆಯುವ ಚೀಟಿ ಅಂಟಿಸಿದರಾಯಿತು. ಲುಂಗಿ, ಪಂಚೆ ಉಟ್ಟವರನ್ನು ಕಪ್ಲಿಂಗಿನ ಹತ್ತಿರ ಬಿಡಲಿಲ್ಲ. 100 ವೋಲ್ಟಿನ ಡಿ.ಸಿ. ತಂತಿ ಮುಟ್ಟಿದರೆ ಪ್ರಾಣಕ್ಕೇ ಅಪಾಯ ಎಂಬುದನ್ನೂ ಎಲ್ಲರಿಗೂ ಹೇಳಿಯೇ ಶುರು ಮಾಡಿದೆವು.

ನೂರಕ್ಕೆ ನೂರಾ ನಾಲ್ಕು!

ಮೊದಲನೆಯ ದಿನದ ಪರೀಕ್ಷೆಯಲ್ಲಿ ದಕ್ಷತೆ ನೂರಕ್ಕೆ 104 ಬಂತು. ಮಾರಿದವರ ಕಡೆಯ ಹುಡುಗ ಬಂದಿದ್ದ, ಅವನೊಬ್ಬನಿಗೆ ಸಂತೋಷವಾಯಿತು. ಹತ್ತು ಚೀಲ ಚೆರ್ರಿ ಕೊಟ್ಟು ಹನ್ನೊಂದು ಚೀಲ ಕ್ಲೀನ್ ಕಾಫಿ ತಂದ ಹಾಗೆ! ಎಲ್ಲೋ ತಪ್ಪಾಗಿದೆ ಎಂದು ಹುಡುಕಿದರೆ ಕಳ್ಳ ಸಿಕ್ಕಿದ್ದು ಕೇಬಲ್. ಗೂಡಿನಿಂದ ಹೊರಬಂದ ದಪ್ಪ ಕೇಬಲನ್ನು ನಾವು ಬಿಗಿಯಾಗಿ ಎಳೆದು ಕಂಬಕ್ಕೆ ಕಟ್ಟಿದ್ದೆವು. ಗೂಡು ಸುತ್ತಲು ಹೊರಟಾಗ ಅರ್ಧ ಬಲವನ್ನು ಕೇಬಲೇ ತಡೆಯುತ್ತಿತ್ತು, ಕಾಟಾಕ್ಕೆ ಬರುತ್ತಿದ್ದುದು ಉಳಿದದ್ದು ಮಾತ್ರ. ಕೇಬಲನ್ನು ತೆಗೆದು, ಮೆತ್ತಗಿನ ಸಣ್ಣ ಎಳೆಯ ವೈರನ್ನು ಸಡಿಲವಾಗಿ ಇಳಿಬಿಟ್ಟೆವು. ಯಂತ್ರ ನಿಂತಿರುವಾಗ ಕಾಟಾವನ್ನು ಸೊನ್ನೆಗೆ ತಂದು, ಕೋಲು ನೆಲಕ್ಕೆ ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿ ಮತ್ತೆ ಶುರು ಮಾಡಿದೆವು. ಇಂಥ ಪರೀಕ್ಷೆ ಮಾಡುವವರು ತಮಗೆ ಅನುಕೂಲವಾದ ಅಂಕಿ ಬಂದಾಗಲೇ ಹೆಚ್ಚು ಅನುಮಾನ ಪಡಬೇಕು.

ಎರಡನೆಯ ದಿನದ ಓದುವಿಕೆಗಳನ್ನು ಇಲ್ಲಿ ಕೊಡುತ್ತೇನೆ. ಮಳೆಗಾಲದ ಸೆಳವಿನಲ್ಲಿ ರೆಕ್ಕೆ ನಿಮಿಷಕ್ಕೆ ಸುಮಾರು 120 ಸುತ್ತು ಹೊಡೆಯುತ್ತದೆ. ಪರೀಕ್ಷೆಯಲ್ಲಿ 125ಕ್ಕೆ ಇಟ್ಟು ಐದು ರಾಡು ಹಾಕಿದೆವು. ಕಾಟಾ 9.9 ಕಿಲೋ ತೋರಿಸಿತು. ಒಳಗೆ ಹೋದದ್ದು ಸುಮಾರು 1240 ವ್ಯಾಟ್. ಮೀಟರಿನಲ್ಲಿ 98 ವೋಲ್ಟು, 9.2 ಆಂಪಿಯರ್, ಅಂದರೆ 900 ವ್ಯಾಟ್. ನೂರಕ್ಕೆ 73. ಇಷ್ಟು ಸಣ್ಣ ಯಂತ್ರಕ್ಕೆ, ಗೇರು ಸೀಲು ಎಲ್ಲ ಸೇರಿ, ಇದು ಮರ್ಯಾದೆಯ ಅಂಕಿ. ತಗಡಿನಲ್ಲಿ ಬರೆದದ್ದಕ್ಕೆ ನೂರು ವ್ಯಾಟ್ ಕಡಿಮೆ ಎಂಬುದು ಬೇರೆ ಮಾತು, ಆದರೆ ಮೋಸವೇನಲ್ಲ.

ಆಮೇಲೆ ವೇಗವನ್ನು 60 ಸುತ್ತಿಗೆ ಇಳಿಸಿದೆವು. ಜನವರಿಯಲ್ಲಿ ರೆಕ್ಕೆ ತಿರುಗುವುದು ಇಷ್ಟೇ. ಎರಡು ರಾಡು ಹಾಕಿದಾಗ ಕಾಟಾದಲ್ಲಿ 2.9 ಕಿಲೋ, ಒಳಗೆ 174 ವ್ಯಾಟ್. ಮೀಟರಿನಲ್ಲಿ 51 ವೋಲ್ಟು, 1.9 ಆಂಪಿಯರ್, ಹೊರಗೆ 97 ವ್ಯಾಟ್. ನೂರಕ್ಕೆ 56. ಅದೇ ಯಂತ್ರ, ಅದೇ ತಗಡು, ಒಂದೇ ಮಧ್ಯಾಹ್ನದಲ್ಲಿ 73 ಇದ್ದದ್ದು 56 ಆಯಿತು.

ಏಕೆ ಎಂಬುದು ಮುಂದಿನ ಓದುವಿಕೆಯಲ್ಲಿ ತಿಳಿಯಿತು. ಎಲ್ಲ ರಾಡು ತೆಗೆದು, ಯಾವ ಲೋಡೂ ಇಲ್ಲದೆ 60 ಸುತ್ತಿನಲ್ಲಿ ಬರಿದೇ ತಿರುಗಿಸಿದೆವು. ಆಗಲೂ ಕಾಟಾ 1.1 ಕಿಲೋ ತೋರಿಸುತ್ತಿತ್ತು. 66 ವ್ಯಾಟ್! ಏನೂ ಕೆಲಸ ಮಾಡದೆ, ಸೀಲಿನ ತಿಕ್ಕಾಟಕ್ಕೆ, ಗೇರಿನ ಎಣ್ಣೆ ಕಲಕುವುದಕ್ಕೆ, ಜನರೇಟರಿನ ಕಬ್ಬಿಣದೊಳಗಿನ ನಷ್ಟಕ್ಕೆ ಹೋಗುವ ದಂಡ ಇದು. ಮಳೆಗಾಲದಲ್ಲಿ ಸಾವಿರ ವ್ಯಾಟ್ ಬರುವಾಗ ಈ ದಂಡ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಶಾಫ್ಟಿಗೆ ಬರುವ 155ರಲ್ಲಿ 66 ಮೊದಲೇ ಹೋಯಿತೆಂದರೆ ಉಳಿಯುವುದೇನು? ಹತ್ತಾಳಿನ ಕೆಲಸಕ್ಕೂ ಎರಡಾಳಿನ ಕೆಲಸಕ್ಕೂ ಒಬ್ಬನೇ ಮೇಸ್ತ್ರಿ, ಅವನ ಸಂಬಳ ಮಾತ್ರ ಅಷ್ಟೇ.

ಸೀಲನ್ನು ಬಿಚ್ಚಿ ನೋಡಿದೆವು. ಒಂದರ ಹಿಂದೆ ಒಂದು, ಎರಡು ಬಿಗಿ ಸೀಲು ಹಾಕಿದ್ದರು. ನೀರು ಹೊಕ್ಕರೆ ಕೆಟ್ಟ ಹೆಸರು ಬರುತ್ತದೆಂಬ ಭಯ ಇರಬೇಕು, ಅದನ್ನು ತಪ್ಪೆನ್ನಲಾರೆ. ಒಳಗಿನದನ್ನು ಸಡಿಲದ್ದಕ್ಕೆ ಬದಲಿಸಿ ನಡುವೆ ಗ್ರೀಸು ತುಂಬಿಸಿದಾಗ 1.1 ಕಿಲೋ 0.8ಕ್ಕೆ ಇಳಿಯಿತು. ಅಷ್ಟರಲ್ಲೇ 18 ವ್ಯಾಟ್ ಉಳಿತಾಯ. ಎರಡು ದೀಪದ ಬಾಬತ್ತು.

ಕರೆಂಟು ಹೋದದ್ದೆಲ್ಲಿ?

ಇಷ್ಟಾದರೂ ಭಟ್ಟರ ಮುಖ್ಯ ದೂರು ಬಗೆಹರಿಯಲಿಲ್ಲ. ನೂರಕ್ಕೆ 56 ಆದರೂ ಎಂಬತ್ತು ವ್ಯಾಟ್ ಬರಬೇಕಿತ್ತಲ್ಲ, ಬ್ಯಾಟರಿಗೆ ಸೊನ್ನೆ ಏಕೆ?

60 ಸುತ್ತಿನಲ್ಲಿ ಲೋಡಿಲ್ಲದೆ ಮೀಟರು ತೋರಿಸಿದ್ದು 55 ವೋಲ್ಟು. ಭಟ್ಟರ ಮನೆಯಲ್ಲಿದ್ದುದು 12 ವೋಲ್ಟಿನ ನಾಲ್ಕು ಬ್ಯಾಟರಿ, ಸಾಲಾಗಿ ಸೇರಿಸಿದ್ದು. ಅದಕ್ಕೆ ಚಾರ್ಜು ಹತ್ತಬೇಕಾದರೆ 54 ವೋಲ್ಟಿನ ಆಸುಪಾಸು ಬೇಕು. ಹೊಳೆ ಸ್ವಲ್ಪ ಇಳಿದು 58 ಸುತ್ತಾದರೆ ವೋಲ್ಟು 53ಕ್ಕೆ ಬಂದು ಕರೆಂಟು ಪೂರ್ತಿ ನಿಂತಿತು. ಮೇಲಿನ ತೊಟ್ಟಿಯ ಅಂಚಿಗಿಂತ ಒಂದು ಬೆರಳು ಕೆಳಗೆ ನೀರು ನಿಂತರೆ ತೊಟ್ಟಿಗೆ ಒಂದು ಚೊಂಬೂ ಬೀಳುವುದಿಲ್ಲವಷ್ಟೆ. ರೆಕ್ಕೆ ತಿರುಗುತ್ತಿತ್ತು, ಜನರೇಟರ್ ಸರಿಯಿತ್ತು, ಹೊಳೆಯಲ್ಲೂ ಇರಬೇಕಾದಷ್ಟು ಸೆಳವಿತ್ತು. ಮೂರಕ್ಕೂ ಬ್ಯಾಟರಿಗೂ ಹೊಂದಾಣಿಕೆ ಇರಲಿಲ್ಲ.

ನಾಲ್ಕರಲ್ಲಿ ಒಂದು ಬ್ಯಾಟರಿ ಬಿಡಿಸಿ ಮೂರಕ್ಕೆ ಜೋಡಿಸಿ ಯಂತ್ರವನ್ನು ಮತ್ತೆ ಹೊಳೆಗಿಳಿಸಿದೆವು. ರೆಕ್ಕೆ ಸ್ವಲ್ಪ ನಿಧಾನವಾಯಿತು, 41 ವೋಲ್ಟಿನಲ್ಲಿ 2 ಆಂಪಿಯರ್ ಹರಿಯತೊಡಗಿತು. 82 ವ್ಯಾಟ್. ಭಟ್ಟರು ಮೀಟರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅರ್ಧ ಗಂಟೆ ಏಳಲಿಲ್ಲ. ಮಳೆಗಾಲದಲ್ಲಿ ಮತ್ತೆ ನಾಲ್ಕಕ್ಕೆ ಹಾಕಬೇಕು, ಇಲ್ಲವಾದರೆ ಲೋಡು ಹೆಚ್ಚಾಗಿ ರೆಕ್ಕೆ ಮುಗ್ಗರಿಸುತ್ತದೆ. ಈ ಬದಲಾವಣೆಯನ್ನು ತಾನಾಗಿಯೇ ನೋಡಿಕೊಳ್ಳುವ ಎಂ.ಪಿ.ಪಿ.ಟಿ. ಎಂಬ ಪೆಟ್ಟಿಗೆಗಳು ಸೋಲಾರಿನವರಲ್ಲಿ ಸಿಗುತ್ತವೆ. ಆದರೆ ಸೋಲಾರಿನ ಪೆಟ್ಟಿಗೆ ಬ್ಯಾಟರಿ ತುಂಬಿದ ಕೂಡಲೇ ಲೋಡನ್ನು ಕಡಿದು ಹಾಕುತ್ತದೆ. ಫಲಕಕ್ಕೆ ಅದರಿಂದ ಏನೂ ಆಗುವುದಿಲ್ಲ. ಹೊಳೆಯ ಜನರೇಟರಿನ ಲೋಡು ಕಡಿದರೆ ರೆಕ್ಕೆ ಹುಚ್ಚುಹಿಡಿದಂತೆ ಓಡಿ ವೋಲ್ಟು ಏರಿ ಪೆಟ್ಟಿಗೆಯನ್ನೇ ಸುಡಬಹುದು. ಆದ್ದರಿಂದ ಹೆಚ್ಚಾದ ಕರೆಂಟನ್ನು ನೀರು ಕಾಯಿಸುವ ರಾಡಿಗೆ ತಿರುಗಿಸುವ ಏರ್ಪಾಡು ಇರಲೇಬೇಕು.

82 ವ್ಯಾಟ್ ಎಂದರೆ ನಗೆ ಬರಬಹುದು. ಆದರೆ ಅದು ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ. ದಿನಕ್ಕೆ ಸುಮಾರು ಎರಡು ಯೂನಿಟ್. ಬ್ಯಾಟರಿಯಲ್ಲಿ ಹೋಗಿ ಬರುವ ನಷ್ಟ ಕಳೆದು ಒಂದೂವರೆ ಎಂದಿಟ್ಟುಕೊಳ್ಳಿ. ಮನೆಯ ಎಲ್‌ಇಡಿ ದೀಪ, ಫೋನು, ಟಿವಿಗೆ ಧಾರಾಳ. ತೋಟಕ್ಕೆ ನೀರು ಹಾಯಿಸುವ ಐದು ಅಶ್ವಶಕ್ತಿಯ ಪಂಪಿಗೆ ಮಾತ್ರ ಅದು ಇಪ್ಪತ್ತು ನಿಮಿಷಕ್ಕೂ ಸಾಲದು. ಸ್ಪ್ರಿಂಕ್ಲರ್ ಓಡಿಸುವ ಆಸೆಯಿಂದ ಹೊಳೆಯ ಯಂತ್ರ ಕೊಳ್ಳುವವರು ಇದನ್ನು ಗಮನಿಸಬೇಕು. ನಮಗೆ ನೀರು ಬೇಕಾಗುವುದು ಫೆಬ್ರವರಿಯಿಂದ, ಹೊಳೆ ಸೊರಗುವುದೂ ಆಗಲೇ.

ಅಬ್ಬಿ ಇದ್ದವರು ಹೊಳೆಗೆ ಇಳಿಯಬೇಡಿ

ಇನ್ನೊಂದು ಲೆಕ್ಕವನ್ನು ಹೇಳದಿದ್ದರೆ ತಪ್ಪಾದೀತು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ನೀರಿನ ಶಕ್ತಿ ಎಷ್ಟೆಂದರೆ ಅದೇ ನೀರು 5 ಸೆಂಟಿಮೀಟರ್ ಎತ್ತರದಿಂದ ಬಿದ್ದಷ್ಟು. ಎರಡು ಮೀಟರ್ ವೇಗದ ಭೋರ್ಗರೆವ ಹೊಳೆಯೂ 20 ಸೆಂಟಿಮೀಟರಿಗೆ ಸಮ. ಒಂದು ಗೇಣಿಗೂ ಕಡಿಮೆ. ತೋಟದ ಮೇಲ್ಭಾಗದಲ್ಲಿ ಸಣ್ಣದೊಂದು ಅಬ್ಬಿ ಇದ್ದು, 10 ಮೀಟರ್ ಇಳಿಜಾರಿನಲ್ಲಿ ಎರಡು ಸೆಕೆಂಡಿಗೆ ಒಂದು ಸಣ್ಣ ಕೊಡದಷ್ಟು, ಅಂದರೆ ಹತ್ತು ಲೀಟರ್ ನೀರು ಬಂದರೂ ಸಾಕು, ಅದರಲ್ಲಿ 490 ವ್ಯಾಟ್ ಇದೆ. ಭಟ್ಟರ ರೆಕ್ಕೆಯ ಮುಂದೆ ಜನವರಿಯಲ್ಲಿ ಹರಿಯುವ ಇಡೀ ನೀರಿನಲ್ಲಿರುವುದಕ್ಕಿಂತ ಹೆಚ್ಚು. ಪೈಪಿನಲ್ಲಿ ಇಳಿಸಿ ಚಕ್ರಕ್ಕೆ ಹೊಡೆದರೆ ಬೆಟ್ಸನ ಮಿತಿಯೂ ಅಲ್ಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದೂ ಬೀಳುವ ನೀರಿನಿಂದಲೇ. ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಎಷ್ಟೋ ತೋಟಗಳಲ್ಲಿ ಒಂದು ಕಿಲೋವ್ಯಾಟ್ ಆಸುಪಾಸಿನ ಪುಟ್ಟ ಯಂತ್ರಗಳು ಅಬ್ಬಿಯ ನೀರಿನಿಂದಲೇ ಮನೆ ಬೆಳಗಿವೆ. ಅಬ್ಬಿ ಇಲ್ಲದ, ಹೊಳೆ ಮಾತ್ರ ಇರುವವರಿಗೆ ಮುಳುಗುವ ಯಂತ್ರದ ಮಾತು.

ಹೊಳೆಯ ಸೆಳವಿನಿಂದಲೇ ನೀರೆತ್ತುವುದು ಸಾಧ್ಯವೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ಶೂಮಾಕರ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಕಟ್ಟಿದ ಮಧ್ಯಮ ತಂತ್ರಜ್ಞಾನ ಸಂಸ್ಥೆಯವರು 1970ರ ದಶಕದ ಕೊನೆಯ ಹೊತ್ತಿಗೆ ಬಿಳಿ ನೈಲ್ ನದಿಯಲ್ಲಿ ಇದನ್ನು ಮಾಡಿ ತೋರಿಸಿದರು. ಸ್ಥಳ ಜೂಬಾ, ಆಗ ಸುಡಾನಿನಲ್ಲಿತ್ತು, 2011ರಿಂದ ದಕ್ಷಿಣ ಸುಡಾನಿನ ರಾಜಧಾನಿ. ತೇಲುವ ದೋಣಿಯಂಥ ಚೌಕಟ್ಟನ್ನು ದಡಕ್ಕೆ ಹಗ್ಗದಿಂದ ಕಟ್ಟಿ, ರೆಕ್ಕೆಯಿಂದ ನೇರವಾಗಿ ಪಂಪನ್ನೇ ತಿರುಗಿಸಿ ದಡದ ಹೊಲಗಳಿಗೆ ನೀರು ಕೊಟ್ಟರು. ನಡುವೆ ಜನರೇಟರೂ ಇಲ್ಲ, ಬ್ಯಾಟರಿಯೂ ಇಲ್ಲ, ಮೋಟಾರೂ ಇಲ್ಲ. ಮೂರು ಕಡೆ ಕಟ್ಟಬೇಕಾದ ದಂಡ ಒಂದೂ ಇಲ್ಲ. ಈ ಕೆಲಸದ ಮುಂದಾಳು ಪೀಟರ್ ಗಾರ್ಮನ್ 1986ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ನಮ್ಮಲ್ಲಿ ಯಾರಾದರೂ ಕೈಹಾಕಿದರೆ ನೋಡಲು ನಾನಂತೂ ಬರುತ್ತೇನೆ.

ಮಳೆಗಾಲದಲ್ಲಿ ತೇಲಿ ಬರುವ ದಿಮ್ಮಿ, ಬಿದಿರಿನ ಮೆಳೆಗಳ ಕಾಟ ನಮ್ಮದೊಂದೇ ಅಲ್ಲ. ಅಮೆರಿಕದ ಅಲಾಸ್ಕಾದಲ್ಲಿ ಯೂಕಾನ್ ನದಿದಂಡೆಯ ರೂಬಿ ಎಂಬ ಹಳ್ಳಿಯಲ್ಲಿ 2008ರಲ್ಲಿ 5 ಕಿಲೋವ್ಯಾಟಿನ ಇಂಥದೇ ಯಂತ್ರ ಇಳಿಸಿದಾಗ ಅವರನ್ನು ಹೆಚ್ಚು ಕಾಡಿದ್ದೂ ತೇಲಿ ಬಂದ ಮರಗಳೇ. ಭಟ್ಟರು ಜುಲೈಯಲ್ಲಿ ದೊಡ್ಡ ನೆರೆ ಬರುವ ಸೂಚನೆ ಕಂಡರೆ ಚೈನ್ ಬ್ಲಾಕಿನಿಂದ ಯಂತ್ರವನ್ನು ಎತ್ತಿ ದಡಕ್ಕೆ ಹಾಕುತ್ತಾರೆ. ಆ ಕೆಲಸಕ್ಕೆ ಇಬ್ಬರು ಆಳು ಬೇಕು, ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಬೇಕು.

ಮುಂಗಡ ಕೊಡುವ ಮುಂಚೆ

ಮಾರುವವರಲ್ಲಿ ‘ಎಷ್ಟು ವ್ಯಾಟ್’ ಎಂದು ಕೇಳಿದರೆ ಉತ್ತರ ಸಿಕ್ಕಿಯೇ ಸಿಗುತ್ತದೆ, ಅದರಿಂದ ಪ್ರಯೋಜನವಿಲ್ಲ. ನೀರಿನ ವೇಗ 1 ಮೀಟರ್ ಇದ್ದಾಗ ಎಷ್ಟು, ಒಂದೂವರೆ ಇದ್ದಾಗ ಎಷ್ಟು, 2 ಇದ್ದಾಗ ಎಷ್ಟು ಎಂದು ಬರೆದುಕೊಡಿ ಎಂದು ಕೇಳಬೇಕು. ನದಿಯ ಯಂತ್ರಗಳ ಪರೀಕ್ಷೆಗೆಂದೇ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 2019ರಲ್ಲಿ ಹೊರತಂದ ನಿಯಮಾವಳಿಯೂ (ಐ.ಇ.ಸಿ. 62600-300) ನೀರಿನ ವೇಗ ಮತ್ತು ವಿದ್ಯುತ್ ಎರಡನ್ನೂ ಜೊತೆಯಾಗಿ ಅಳೆಯಬೇಕೆನ್ನುತ್ತದೆ. ಬರಿದೇ ತಿರುಗಲು ಎಷ್ಟು ಬೇಕು ಎಂಬುದನ್ನೂ ಕೇಳಿ. ರೆಕ್ಕೆಯ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರೂ ಸ್ವಲ್ಪ ಅಂದಾಜಾಗುತ್ತದೆ.

ಕೆಲವರು ಹಳೆಯ ಕಾರಿನ ಆಲ್ಟರ್ನೇಟರ್ ಹಾಕಿ ಮಾಡಬಹುದಲ್ಲ ಎನ್ನುತ್ತಾರೆ. ಅದಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಬೇಕು. 60 ಸುತ್ತನ್ನು ಅಲ್ಲಿಗೆ ಏರಿಸಲು ಎರಡು ಮೂರು ಹಂತದ ಬೆಲ್ಟೋ ಗೇರೋ ಬೇಕು, ಹಂತಹಂತಕ್ಕೂ ದಂಡ. ಅಯಸ್ಕಾಂತವಿಲ್ಲದ್ದರಿಂದ ಅದರ ರೋಟರಿಗೂ ಕರೆಂಟು ಕೊಡಬೇಕು. 12 ವೋಲ್ಟಿನಲ್ಲಿ 3 ಆಂಪಿಯರ್ ಎಂದರೆ 36 ವ್ಯಾಟ್ ಅಲ್ಲೇ ಹೋಯಿತು. ಎಂಜಿನಿನ ಪಕ್ಕದಲ್ಲಿ ಅದು ಯಾರಿಗೂ ಭಾರವಲ್ಲ, ಬೇಸಿಗೆಯ ಹೊಳೆಗೆ ಭಾರ.

ಭಟ್ಟರ ವ್ಯವಹಾರ ಹೀಗೆ ಮುಗಿಯಿತು. ಪರೀಕ್ಷೆಯ ಅಂಕಿಗಳನ್ನು ಎರಡೂ ಕಡೆಯವರ ಮುಂದೆ ಇಟ್ಟೆವು. ಮಾರಿದವರು ಸೀಲು ಬದಲಿಸಿಕೊಟ್ಟು, ಸುರುಳಿಗಳನ್ನು ಬೇಸಿಗೆಯ ವೇಗಕ್ಕೆ ಸರಿಹೊಂದುವಂತೆ ಹೊಸದಾಗಿ ಸುತ್ತಿಕೊಡಲು ಒಪ್ಪಿದರು. ಭಟ್ಟರು ಉಳಿದ ಹಣದಲ್ಲಿ ಅರ್ಧ ಕೊಟ್ಟರು, ಇನ್ನರ್ಧ ಸುತ್ತಿದ ಜನರೇಟರ್ ಮತ್ತೆ ಕಾಟಾಕ್ಕೆ ಬಂದ ಮೇಲೆ. ಮುಂಗಡ ಕೊಡಲಿದ್ದ ಐವರಲ್ಲಿ ಇಬ್ಬರು ತಮ್ಮ ಹೊಳೆಯಲ್ಲಿ ತೆಂಗಿನಕಾಯಿ ಬಿಟ್ಟು ನೋಡಿ ಸುಮ್ಮನಾದರು. ಒಬ್ಬರಿಗೆ ತೋಟದ ಹಿಂದೆ ಅಬ್ಬಿ ಇದ್ದದ್ದು ಆಗ ನೆನಪಾಯಿತು. ಉಳಿದಿಬ್ಬರು ಮಾರ್ಚ್ ತಿಂಗಳ ವೇಗವನ್ನೂ ಅಳೆದು ಆಮೇಲೆ ನೋಡೋಣ ಎಂದಿದ್ದಾರೆ.

ಪರೀಕ್ಷೆಯ ಸ್ಟ್ಯಾಂಡು ಗೋದಾಮಿನಲ್ಲೇ ಇದೆ, 97.3 ಸೆಂಟಿಮೀಟರಿನ ಕೋಲನ್ನು ಗೋಡೆಗೆ ತೂಗುಹಾಕಿದ್ದೇವೆ. ಸಂತೆಯ ದಿನ ಬಿಟ್ಟು ಬೇರೆ ದಿನ ಯಾವ ಸದಸ್ಯರೂ ಜನರೇಟರ್ ತರಬಹುದು. ಶಾಫ್ಟಿನ ದಪ್ಪ ಎಷ್ಟೆಂದು ಮುಂಚಿತವಾಗಿ ತಿಳಿಸಿದರೆ ಕಪ್ಲಿಂಗ್ ಸಿದ್ಧಮಾಡಿಡುತ್ತೇವೆ. ಕಾಟಾ ಮಾತ್ರ ಕಾಳುಮೆಣಸು ತೂಗುವ ಹೊತ್ತಿನಲ್ಲಿ ಸಿಗುವುದಿಲ್ಲ.